ಮಾವನಿಗೊಂದು ಬೇಸ್ ಗಿಟಾರು

ಜೂನ್ 9, ಭಾನುವಾರ

ಅಂಟು ಇನ್ನೂ ಒಣಗಿಲ್ಲ. ನಿನ್ನೆ ಸಂಜೆಯಿಂದ ಜಿಟಿಜಿಟಿ ಮಳೆ. ಈಗ ಕ್ಲಾಂಪ್ ಬಿಚ್ಚಿದ್ರೆ ಗಿಟಾರಿನ ನೆಕ್ಕಿನ ಮೇಲಿನ ಪಟ್ಟಿ ಜರುಗುತ್ತೆ. ಬಿಚ್ಚಲಿಲ್ಲ. ಗೋಡೆಗೆ ನೇತುಹಾಕಿರೋ ಹಳೇವುಗಳ ಧೂಳು ಒರೆಸಿದೆ. ಮೂರು ಗಿಟಾರು, ಎರಡು ಬೇಸು. ಎಲ್ಲಾ ಈ ಶೀಟ್ ಶೆಡ್ಡಲ್ಲೇ ಮಾಡಿದ್ದು. ಫ್ಯಾಕ್ಟರಿಗೆ ಹೊರದೇಶದಿಂದ ಮಷಿನ್ ಬರ್ತವಲ್ಲ, ಆ ಪೈನ್ ಪೆಟ್ಟಿಗೆಗಳ ಹಲಗೆ. ಸ್ಟೋರ್ಸಲ್ಲಿ ಕೆಲಸ ಮಾಡೋದಕ್ಕೆ ಅದೊಂದು ಲಾಭ. ಒಡೆದ ಪೆಟ್ಟಿಗೆ ಯಾರಿಗೂ ಬೇಡ.

ಬಾರಿಸೋರು ಮಾತ್ರ ಇಲ್ಲ. ನನಗೆ ಮಾಡೋದು ಬರುತ್ತೆ. ಬಾರಿಸೋದು ಅಷ್ಟಕ್ಕಷ್ಟೆ.

ಬುಧವಾರ ಕೃಷ್ಣಗಿರಿ ಕೋರ್ಟಿಗೆ ಹೋಗಿದ್ದೆ. ಭಾನೂನೂ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಹಾಕಿದ ಡೈವೋರ್ಸ್ ಅರ್ಜಿ. ಮನಸ್ಸು ಬದಲಾದೀತು ಅಂತ ಆರು ತಿಂಗಳು ಟೈಮ್ ಕೊಡ್ತಾರಂತೆ. ಡಿಸೆಂಬರಲ್ಲಿ ಮತ್ತೆ ಹೋಗಿ ಅದೇ ಮಾತು ಹೇಳಿದ್ರೆ ಮುಗೀತು.

ಜಗಳ ಇಲ್ಲ. ಯಾರಿಗೆ ಹೇಳಿದ್ರೂ ನಂಬಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಕೃಷ್ಣಗಿರಿ ಹೈಸ್ಕೂಲಿಗೆ ಟ್ರಾನ್ಸ್‌ಫರ್ ಆಯ್ತು. ಅಲ್ಲೇ ಒಂದು ರೂಮ್ ಹಿಡಿದಳು. ಮೊದಲು ವಾರಕ್ಕೊಂದ್ಸಲ ಬರ್ತಿದ್ದಳು, ಆಮೇಲೆ ಹದಿನೈದು ದಿನಕ್ಕೆ, ಆಮೇಲೆ ಹಬ್ಬಕ್ಕೆ. ಒಂದ್ಸಲ ಬಂದವಳು ಬ್ಯಾಗು ಕೆಳಗಿಡೋಕೆ ಮುಂಚೆ ಹೇಳಿದಳು, "ಅಲ್ಲಿ ನಂಗೆ ಚೆನ್ನಾಗಿ ನಿದ್ದೆ ಬರ್ತಿದೆ ವಿಷ್ಣು." ಅಷ್ಟೆ. ನಾನು ಸರಿ ಅಂದೆ. ಇನ್ನೇನು ಅನ್ನಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಅನ್ನ ಮಿಕ್ಕಿತು. ಒಬ್ಬನಿಗೆ ಎಷ್ಟು ಅಕ್ಕಿ ಅನ್ನೋದು ಇನ್ನೂ ಕೈಗೆ ಬಂದಿಲ್ಲ.

ಜೂನ್ 16, ಭಾನುವಾರ

ಹನ್ನೊಂದರ ಹೊತ್ತಿಗೆ ಗೇಟ್ ಸದ್ದಾಯ್ತು. ನೋಡಿದ್ರೆ ಮಾವ — ಭಾನು ಅಪ್ಪ. ತೊರಪಲ್ಲಿಯಿಂದ ಟೌನ್ ಬಸ್ಸಲ್ಲಿ ಬಂದಿದ್ದಾರೆ. ಕೈಯಲ್ಲಿ ಮಾವಿನಹಣ್ಣಿನ ಚೀಲ. ಅರ್ಜಿ ಮಾತು ಶುರುವಾದ ಮೇಲೆ ಆ ಮನೆಯವರು ಯಾರೂ ಈ ಗೇಟು ಮುಟ್ಟಿರಲಿಲ್ಲ.

ಭಾನೂದು ಮಿಕ್ಸಿ ಇದೆಯಲ್ಲ, ತಗೊಂಡು ಹೋಗೋಕೆ ಬಂದೆ ಅಂದ್ರು. ಮಿಕ್ಸಿ ತೊಳೆದು, ಒರೆಸಿ, ರಟ್ಟಿನ ಡಬ್ಬದಲ್ಲಿ ಹಾಕಿ ಕೊಟ್ಟೆ. ಕಾಫಿ ಕೊಟ್ಟೆ. ಅವರು ಬಸ್ ಕಂಡಕ್ಟರ್ ಆಗಿದ್ದೋರು. ರಿಟೈರ್ ಆಗಿ ಎಷ್ಟು ವರ್ಷ ಆದ್ರೂ ಎದ್ದು ನಿಂತ್ರೆ ಕಾಲು ಅಗಲ ಮಾಡಿಯೇ ನಿಲ್ತಾರೆ, ನೆಲ ಯಾವಾಗ ಬೇಕಾದ್ರೂ ಬ್ರೇಕ್ ಹಾಕುತ್ತೆ ಅನ್ನೋ ಹಾಗೆ. ಹಾಗೇ ನಿಂತು ಶೆಡ್ಡಿನ ಕಡೆ ನೋಡ್ತಿದ್ರು. ಒಳಗೆ ಕರ್ಕೊಂಡು ಹೋದೆ. ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ. ಈ ಉದ್ದದ್ದಕ್ಕೆ ಯಾಕೆ ನಾಕೇ ತಂತಿ ಅಂತ ಕೇಳಿದ್ರು. ಅದು ಬೇಸ್ ಗಿಟಾರ್, ದಪ್ಪ ಸ್ವರ ಬರುತ್ತೆ ಅಂದೆ. ಹೇಳೋದಕ್ಕಿಂತ ಕೇಳಿಸೋದೇ ಸುಲಭ ಅನ್ನಿಸಿ ಸ್ಪೀಕರ್ ಡಬ್ಬಕ್ಕೆ ವೈರ್ ಸಿಕ್ಕಿಸಿ ಮೇಲಿನ ತಂತಿ ಒಂದ್ಸಲ ಮೀಟಿದೆ.

ಮಾವ ಮರದ ಪೆಟ್ಟಿಗೆ ಮೇಲೆ ಕೂತುಬಿಟ್ರು.

"ಸೇಲಂ ಬಸ್ಸಲ್ಲಿ ನಾನು ಹಿಂದ್ಗಡೆ ಮೆಟ್ಲ ತಾವ ನಿಂತ್ಕತಿದ್ದೆ ಅಳಿಯಂದ್ರೆ. ಡ್ರೈವರು ಪಾಟ್ಟು ಹಾಕೋನು. ಇಂಜಿನ್ ಸದ್ದಿಗೆ ಹಾಡೋರ ಗಂಟ್ಲು ಒಂದೂ ಕೇಳ್ತಿರ್ಲಿಲ್ಲ. ಇದೊಂದೇ ಬರೋದು, ಕಾಲಿಂದ ಮೇಲಕ್ಕೆ. ಇಷ್ಟು ವರ್ಸ ಅದು ಡ್ರಮ್ಮು ಅನ್ಕಂಡಿದ್ದೆ."

ಇನ್ನೊಂದ್ಸಲ ಅಂದ್ರು. ಮೀಟಿದೆ. ಇನ್ನೊಂದ್ಸಲ. ಎರಡು ಗಂಟೆ ಬಸ್ಸಿಗೆ ಓಡಿಹೋದ್ರು.

ಮಿಕ್ಸಿ ಇಲ್ಲೇ ಬಿಟ್ಟು ಹೋಗಿದಾರೆ.

ಜೂನ್ 23, ಭಾನುವಾರ

ಮಾವ ಮತ್ತೆ ಬಂದ್ರು. ಮಿಕ್ಸಿಗೆ. ಈ ಸಲ ಹಣ್ಣು ಇಲ್ಲ, ಬೀನ್ಸು. ಅತ್ತೆ ಹಣ್ಣು ಎಣಿಸಿಟ್ಟಿರ್ತಾರಂತೆ. ಮಾವ ಇಲ್ಲಿಗೆ ಬರೋದು ಅತ್ತೆಗೆ ಗೊತ್ತಿಲ್ಲ ಅನ್ನೋದು ಆಗ ಹೊಳೀತು.

ಸ್ವಲ್ಪ ಹೊತ್ತು ಬೇಸ್ ತೊಡೆ ಮೇಲಿಟ್ಟುಕೊಂಡು ಕೂತಿದ್ರು. ಅದು ಅವರಿಗೆ ಉದ್ದ ಜಾಸ್ತಿ, ಎಡಗೈ ತುದಿವರೆಗೆ ಹೋಗಲ್ಲ. ಆದ್ರೆ ಬೆರಳು ಮಾತ್ರ ಚೆನ್ನಾಗಿ ಅಗಲ ಆಗ್ತವೆ. ಕೇಳಿದ್ದಕ್ಕೆ ನಕ್ಕರು. ಹತ್ತು, ಇಪ್ಪತ್ತು, ಐವತ್ತರ ನೋಟು ಮಡಚಿ ಬೆರಳ ಸಂದಿಗೆ ಒಂದೊಂದು ಸಿಕ್ಕಿಸಿಕೊಂಡು ಟಿಕೆಟ್ ಹರಿಯೋದು, ಜೀವಮಾನವೆಲ್ಲಾ ಅದೇ ಕೆಲಸ ಅಂದ್ರು.

ಹೋಗುವಾಗ ಗೇಟಿನ ಹತ್ರ ನಿಂತು, ನನ್ನ ಕಡೆ ನೋಡದೆ ಹೇಳಿದ್ರು. "ನಂಗೊಂದು ಮಾಡ್ಕೊಡಿ. ಸಣ್ಣದು. ಕಲ್ತ್ಕತೀನಿ."

ಆಗಲಿ ಅಂದೆ. ಡಿಸೆಂಬರ್ ಅಂತ ಒಂದು ತಿಂಗಳು ಇದೆ ಅನ್ನೋದನ್ನ ಇಬ್ಬರೂ ಎತ್ತಲಿಲ್ಲ.

ಮಿಕ್ಸಿ ಈ ಸಲಾನೂ ಇಲ್ಲೇ.

ಜುಲೈ 14, ಭಾನುವಾರ

ಮಾವ ಮರ ತಂದ್ರು. ಬಿದ್ದುಹೋದ ದನದ ಕೊಟ್ಟಿಗೆಯ ಹಲಸಿನ ತೊಲೆ, ನನ್ನ ಎದೆಯುದ್ದ ಇದೆ. ಟೌನ್ ಬಸ್ಸಲ್ಲಿ ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿಕೊಂಡು ಬಂದಿದ್ದಾರೆ. ಜನ ದಾಟಿಕೊಂಡು ಹತ್ತಿ ಇಳಿದ್ರಂತೆ. ಕಂಡಕ್ಟರ್ ಹುಡುಗನ ಹತ್ರ ಲಗೇಜ್ ಟಿಕೆಟ್ ಹರಿಸಿಕೊಂಡೇ ಬಂದೆ, ಪುಕ್ಕಟೆ ಅಲ್ಲ ಅಂತ ಎರಡು ಸಲ ಹೇಳಿದ್ರು.

ತೊಲೆ ಎಲ್ಲಿಗೆ ಅಂತ ಅತ್ತೆ ಕೇಳಿದ್ದಕ್ಕೆ ಆಚಾರಿ ಮನೆಗೆ, ಮಣೆ ಮಾಡಿಸೋಕೆ ಅಂದಿದ್ದಾರೆ.

ಹೊರಗೆ ಕಪ್ಪು, ಹೊಗೆ ಕುಡಿದು ಕುಡಿದು. ಒಳಗೆ ಅರಿಶಿನ. ಗರಗಸ ಹಾಕಿದ ಕೂಡಲೇ ಆ ಬಣ್ಣ ಕಾಣಿಸ್ತು, ಮಾವ ಪುಡಿ ಬೆರಳಲ್ಲಿ ಉಜ್ಜಿ ನೋಡಿದ್ರು. ಮಧ್ಯಾಹ್ನ ಇಬ್ಬರೂ ಸೇರಿ ಅನ್ನ, ಹುಳಿ. ಅನ್ನ ಮಿಕ್ಕಲಿಲ್ಲ.

ಭಾನು ಹೊಸ ಮಿಕ್ಸಿ ತಗೊಂಡಳಂತೆ. ಹಳೇದು ಇನ್ನು ಇಲ್ಲೇ ಇರುತ್ತೆ.

ಜುಲೈ 28, ಭಾನುವಾರ

ಬಾಡಿ ಆಕಾರಕ್ಕೆ ಬಂತು. ಮಾವನಿಗೆ ಸ್ಯಾಂಡ್‌ಪೇಪರ್ ಕೆಲಸ. ಉಳಿ ಕೊಡೋ ಹಾಗಿಲ್ಲ, ಕೊಟ್ಟ ಮೊದಲ ದಿನವೇ ಅಂಚು ಹಾರಿಸಿದ್ರು. ಅಲ್ಲಿ ಬಾಡಿ ಸ್ವಲ್ಪ ಒಳಗೆ ಬಾಗಿದ ಹಾಗೆ ತಿದ್ದಿದೆ. ತೊಡೆ ಮೇಲೆ ಕೂರೋಕೆ ಅದೇ ಚೆನ್ನಾಗಿದೆ ಅಂತ ಅವರ ವಾದ.

ಉಜ್ಜುತ್ತಾ ಮಾತಾಡ್ತಾರೆ. ತಮಿಳು ಪ್ಯಾಸೆಂಜರ್, ತೆಲುಗು ಪ್ಯಾಸೆಂಜರ್, ರಾಯಕೋಟೆ ಸಂತೆಯ ಕೋಳಿಗಳು, ಬಸ್ಸಲ್ಲೇ ಹೆರಿಗೆ ಆದ ಒಬ್ಬಳು. ನಾನೂ ಮಾತಾಡ್ತೀನಿ ಅಂತ ಇವತ್ತು ಗೊತ್ತಾಯ್ತು. ಟ್ರಸ್ ರಾಡ್ ಅಂದ್ರೆ ಏನು ಅಂತ ಕೇಳಿದ್ರು. ತಂತಿ ಎಳೆತಕ್ಕೆ ನೆಕ್ ಬಾಗದ ಹಾಗೆ ಒಳಗೆ ಒಂದು ಕಬ್ಬಿಣದ ಕಡ್ಡಿ ಇಡ್ತೀವಿ, ಹೊರಗೆ ಕಾಣಲ್ಲ ಅಂದೆ. ಹಾಗೇ ಶುರುವಾಗಿ ಅರ್ಧ ಗಂಟೆ ಮಾತಾಡಿದೀನಿ. ಸ್ಟೋರ್ಸಲ್ಲಿ ಒಂದು ವಾರಕ್ಕೆ ಅಷ್ಟು ಮಾತಾಡಲ್ಲ.

ಅವರು ಹೋದ ಮೇಲೆ ಶೆಡ್ಡು ದೊಡ್ಡದಾಗಿ ಕಾಣಿಸ್ತು. ಬೇಗ ಬಾಗಿಲು ಹಾಕಿದೆ.

ಆಗಸ್ಟ್ 15, ರಜೆ

ಭಾನು ಫೋನ್. ಗ್ಯಾಸ್ ಕನೆಕ್ಷನ್ ಇನ್ನೂ ಅವಳ ಹೆಸರಲ್ಲಿದೆ, ಅದನ್ನ ಬದಲಾಯಿಸಬೇಕು ಅಂತ. ಆಧಾರ್ ಕಾಪಿ ಕಳಿಸ್ತೀನಿ ಅಂದೆ. ಫೋನ್ ಇಡ್ತೀನಿ ಅಂದವಳು ಇಡಲಿಲ್ಲ.

"ಅಪ್ಪ ಅಲ್ಲಿಗೆ ಬರ್ತಾರಾ?"

ಹೂಂ ಅಂದೆ. ಸುಳ್ಳು ಹೇಳೋಕೆ ಏನಿದೆ.

"ಬರ್ಲಿ. ಅಮ್ಮಂಗೆ ಗೊತ್ತಾದ್ರೆ ಕಷ್ಟ, ಅಷ್ಟೆ." ಆಮೇಲೆ, "ಅಪ್ಪ ಹೇಳ್ತಿದ್ರು, ವಿಷ್ಣು ಒಳ್ಳೇ ಮಾತುಗಾರ ಅಂತ. ನಾನು ಯಾವ ವಿಷ್ಣು ಅಂತ ಕೇಳಿದೆ."

ಕೋಪ ಇರಲಿಲ್ಲ ದನಿಯಲ್ಲಿ. ನಿಜವಾಗ್ಲೂ ಕೇಳಿದ ಹಾಗಿತ್ತು. ಅವರಿಗೆ ಶೆಡ್ಡೊಳಗೆ ಬಂದು ಕೂರೋದು ಇಷ್ಟ ಅಂದೆ. ಆ ಕಡೆ ಅವಳು, ಹೌದು, ನಂಗೆ ಆ ಮರದ ಪುಡಿಗೆ ಸೀನು ಬರೋದು ಅಂದಳು. ಇಬ್ಬರೂ ನಕ್ಕ ಹಾಗೆ ಮಾಡಿದ್ವಿ.

ಆಮೇಲೆ ಕೆಲಸ ಸಾಗಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ಮಧ್ಯೆ ಬರೆಯೋಕೆ ಆಗಿಲ್ಲ. ಫ್ಯಾಕ್ಟರಿಯಲ್ಲಿ ಆಡಿಟ್.

ಇವತ್ತು ಡೆಂಕಣಿಕೋಟೆ ರೋಡಿನ ಬೀರೇಶ್ ಅಂಗಡಿಗೆ ಹೋಗಿದ್ವಿ. ಮೋಟರ್, ಫ್ಯಾನು ವೈಂಡಿಂಗ್ ಮಾಡೋನು. ತಂತಿ ಅಲುಗಾಡೋದನ್ನ ಹಿಡಿದು ಸ್ಪೀಕರಿಗೆ ಕಳಿಸೋ ಕಾಯಿಲ್ — ಪಿಕಪ್ — ನಾನು ಯಾವಾಗ್ಲೂ ಅವನ ಮಷಿನ್ ಮೇಲೇ ಸುತ್ತಿಸೋದು. ಕೂದಲಿಗಿಂತ ತೆಳು ತಾಮ್ರ. ಒಂದು ಸಲ ಹರಿದ್ರೆ ಮೊದಲಿಂದ. ಮಾವ ಹಠ ಮಾಡಿ ತಾವೇ ತಂತಿ ಹಿಡಿದ್ರು. ಎರಡು ಸಲ ಹರಿದ್ರು. ಮೂರನೇ ಸಲ ಉಸಿರು ಬಿಗಿ ಹಿಡಿದು ಕೂತು ಮುಗಿಸಿದ್ರು. ಬೆವರು ಮೂಗಿನ ತುದಿಯಲ್ಲಿ.

ಬೀರೇಶ್ ನನ್ನ ತೋರಿಸಿ ಮಾವನ್ನ ಕೇಳಿದ, ಈ ಸಾರ್ ನಿಮಗೇನಾಗ್ಬೇಕು ಅಂತ.

"ನಮ್ ಅಳಿಯಂದ್ರು," ಅಂದ್ರು ಮಾವ. ಒಂದು ಚೂರೂ ತಡವರಿಸಲಿಲ್ಲ.

ಬೀರೇಶ್ ತಲೆಯಾಡಿಸಿ ಟೀ ತರಿಸಿದ. ನಾನು ಟೀ ಲೋಟ ನೋಡ್ತಾ ಕೂತಿದ್ದೆ. ಮಾತು ಇವತ್ತಿಗೆ ನಿಜ. ಡಿಸೆಂಬರ್ ಆದ್ಮೇಲೆ ಇದೇ ಅಂಗಡಿಗೆ ಬಂದ್ರೆ ಅವರು ಏನಂತಾರೆ, ನಾನೇನಂತೀನಿ. ಅಮ್ಮನ ಕಡೆಯವರು, ಅಪ್ಪನ ಕಡೆಯವರು, ಹೆಂಡತಿ ಕಡೆಯವರು, ಎಲ್ಲಾರಿಗೂ ಹೆಸರಿದೆ. ಇದಕ್ಕೆ ಇಲ್ಲ.

ಸೆಪ್ಟೆಂಬರ್ 29, ಭಾನುವಾರ

ನೆಕ್ಕು ಬಾಡಿಗೆ ಕೂತಿತು. ಮೊದಲು ಬಿಗಿ ಇತ್ತು, ಒಂದು ಕಾಗದದ ದಪ್ಪ. ನಾನು ಒತ್ತುತ್ತಿದ್ರೆ ಮಾವ ಪಕ್ಕದಲ್ಲಿ ನಿಂತು "ಉಳ್ಳ ಪೋ, ಉಳ್ಳ ಪೋ" ಅಂತಿದ್ರು — ಒಳಗೆ ಹೋಗಿ ಅಂತ ಬಸ್ಸಲ್ಲಿ ಜನರನ್ನ ತಳ್ಳೋ ತಮಿಳು. ಕೈ ನಡುಗೋಷ್ಟು ನಗು ಬಂತು. ಟಪ್ ಅಂತ ಕೂತಾಗ ಮಾವ ಬಾಯಲ್ಲಿ ಸೀಟಿ ಊದಿದ್ರು. ರೈಟ್!

ಸಂಜೆ ತಂತಿ ಹಾಕಿದೆ. ಮೊದಲ ಮೀಟು ಅವರದೇ.

ಹಲಸು ಇಷ್ಟು ಚೆನ್ನಾಗಿ ಮಾತಾಡುತ್ತೆ ಅಂದ್ಕೊಂಡಿರಲಿಲ್ಲ. ಪೈನಲ್ಲಿ ಸ್ವರ ಬೇಗ ಸತ್ತುಹೋಗುತ್ತೆ. ಇದು ನಿಲ್ಲುತ್ತೆ. ನಿಂತು, ನಿಧಾನಕ್ಕೆ ಇಳಿಯುತ್ತೆ. ಪೂರ್ತಿ ಇಳಿಯೋವರೆಗೂ ಮಾವ ತಲೆ ಬಗ್ಗಿಸಿಕೊಂಡೇ ಇದ್ರು. ಆಮೇಲೆ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದರು. ಚಪ್ಪಲಿ ಅದಲು ಬದಲು ಹಾಕ್ಕೊಂಡಿದ್ರು, ಗೇಟಿನ ಹತ್ರ ನೋಡಿ ಸರಿಮಾಡಿಕೊಂಡ್ರು.

ನಾನು ಮಾಡಿದ್ರಲ್ಲಿ ಇದೇ ಒಳ್ಳೇದು.

ಅಕ್ಟೋಬರ್ 20, ಭಾನುವಾರ

ಮಾವನಿಗೆ ತಾಳ ಗಟ್ಟಿ, ಸ್ವರ ಸುಳ್ಳು. ಎರಡೇ ತಂತಿ, ನಾಕೇ ಸ್ವರ ಹೇಳಿಕೊಟ್ಟಿದೀನಿ. ನಾಲ್ಕನೇದಕ್ಕೆ ಬೆರಳು ಯಾವಾಗ್ಲೂ ನೆಕ್ಕಿನ ಮೇಲೆ ಒಂದು ಮನೆ ಮುಂದಕ್ಕೆ ಹೋಗುತ್ತೆ. ಸ್ಟಾಪ್ ದಾಟಿಬಿಟ್ರಿ ಮಾವ ಅಂದ್ರೆ ವಾಪಸ್ ಬರ್ತಾರೆ.

ನಾನು ಗಿಟಾರಲ್ಲಿ ಸುಮ್ಮನೆ ಕಾರ್ಡ್ — ಮೂರ್ನಾಲ್ಕು ಸ್ವರ ಒಟ್ಟಿಗೆ — ಹಿಡೀತೀನಿ. ಅವರು ಕೆಳಗೆ ದುಂ… ದುಂ… ದುಂ. ಒಂದು ನಿಮಿಷ ಎಲ್ಲಾ ಸರಿಯಾಗಿ ಬಂತು ಇವತ್ತು. ಇಬ್ಬರೂ ಮುಖ ನೋಡಿಕೊಂಡಿದ್ದೇ ತಪ್ಪಿತು.

ಇಷ್ಟು ವರ್ಷ ಮಾಡಿದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಆ ಒಂದು ನಿಮಿಷ ತೋರಿಸಬೇಕು.

ಮಾವ ಬೇಸ್ ಮನೆಗೆ ತಗೊಂಡು ಹೋಗೋ ಹಾಗಿಲ್ಲ. ಬಟ್ಟೆ ಸುತ್ತಿ ಇಲ್ಲೇ ಇಟ್ಟು ಹೋಗ್ತಾರೆ.

ಅಕ್ಟೋಬರ್ 31, ದೀಪಾವಳಿ

ಹದಿಮೂರು ದೀಪಾವಳಿ ತೊರಪಲ್ಲಿಯಲ್ಲಿ. ಬೆಳಿಗ್ಗೆ ಅತ್ತೆ ಎಣ್ಣೆ ಹಚ್ಚಿಸಿಕೊಳ್ಳಿ ಅಂತ ಮಣೆ ಹಾಕಿಡೋರು. ಮೊದಲ ವರ್ಷ, ಬೇರೆ ಜಾತಿ ಹುಡುಗ, ಏನು ತಿಂತಾನೋ ಏನು ಬಿಡ್ತಾನೋ ಅಂತ ಎರಡು ಥರ ಅಡುಗೆ ಮಾಡಿದ್ರು. ನಮ್ಮಮ್ಮ ಆ ವರ್ಷ ಫೋನೂ ಎತ್ತಿರಲಿಲ್ಲ.

ಅಕ್ಕ ಹಂಸಾ ಬೆಂಗಳೂರಿಂದ ಫೋನ್ ಮಾಡಿದ್ದಳು. ಬಾರೋ ಇಲ್ಲಿಗೆ ಅಂದಳು. ಡ್ಯೂಟಿ ಇದೆ ಅಂದೆ. ರಜೆ ಅಂತ ಅವಳಿಗೂ ಗೊತ್ತು.

ಹೋಟೆಲೆಲ್ಲ ಮುಚ್ಚಿತ್ತು. ಬ್ರೆಡ್ಡು, ಮೊಸರು. ಪಕ್ಕದ ಮನೆಯವರು ಒಂದು ತಟ್ಟೆ ತಿಂಡಿ ಕೊಟ್ಟರು, ತಟ್ಟೆ ತೊಳೆದು ಸಕ್ಕರೆ ಹಾಕಿ ವಾಪಸ್ ಕೊಟ್ಟೆ. ಬೇಸ್ ತೆಗೆದು ನೋಡಿದೆ. ತಂತಿ ಒರೆಸಿದೆ. ಇಟ್ಟೆ.

ನವೆಂಬರ್ 10, ಭಾನುವಾರ

ಮಾವ ಬರಲಿಲ್ಲ. ಸಾನಮಾವು ಕಾಡಿಗೆ ಆನೆ ಹಿಂಡು ಬಂದಿದೆ, ತೊರಪಲ್ಲಿ ಕಡೆ ಓಡಾಡಬೇಡಿ ಅಂತ ಫಾರೆಸ್ಟಿನವರು ಮೈಕಲ್ಲಿ ಕೂಗ್ತಿದಾರಂತೆ. ರಾಗಿ ತೆನೆ ಬಂದ ಮೇಲೆ ಪ್ರತಿ ವರ್ಷ ಇದೇ.

ಟೀ ಇಬ್ಬರಿಗೆ ಇಟ್ಟಿದ್ದೆ.

ನವೆಂಬರ್ 17, ಭಾನುವಾರ

ಇವತ್ತೂ ಇಲ್ಲ. ಆನೆ ಡೆಂಕಣಿಕೋಟೆ ಕಡೆ ಹೋಯ್ತು ಅಂತ ಪೇಪರಲ್ಲಿತ್ತು.

ಎರಡು ಸಲ ಗೇಟಿನವರೆಗೆ ಹೋಗಿ ಬಂದೆ.

ನವೆಂಬರ್ 20, ಬುಧವಾರ

ತಡೆಯಲಾರದೆ ಮಾವನ ನಂಬರಿಗೆ ಮಾಡಿದೆ. ಎತ್ತಿದ್ದು ಅತ್ತೆ. ಅತ್ತೆ ಆದಿಲಕ್ಷ್ಮಮ್ಮ ಜೂನ್‌ನಿಂದ ನನ್ನ ಹತ್ರ ಒಂದು ಮಾತೂ ಆಡಿರಲಿಲ್ಲ.

ಚೆನ್ನಾಗಿದೀರಾ ಅಂದೆ.

"ಇನ್ಮೇಲೆ ಅವರು ಬರಲ್ಲ," ಅಂದ್ರು. ಮಾವನ ಬೆರಳ ತುದಿ ಜಡ್ಡುಗಟ್ಟಿರೋದು ನೋಡಿ ಕೇಳಿದಾರೆ, ಮಾವ ಎಲ್ಲಾ ಹೇಳಿದಾರೆ. ಅದಕ್ಕಿಂತ ಮುಂಚೆ ಬಸ್ಸಲ್ಲಿ ಬರೋರು ಯಾರೋ ಹೇಳಿದ್ರಂತೆ. "ಮಗಳ್ನ ಬಿಟ್ಟೋನ ಮನೆಗೆ ಅಪ್ಪ ವಾರವಾರ ಹೋಯ್ತಾನೆ ಅಂತ ಊರ್ನಾಗೆ ನಗ್ತಾವ್ರೆ. ನಾನೇನು ಹೇಳ್ಲಿ ಅವರ್ಗೆ?"

ಅವರು ಕಲಿಯೋಕೆ ಬರ್ತಾರೆ, ಬೇರೇನಿಲ್ಲ ಅಂದೆ.

"ಅದ್ಸರಿ. ಕೋರ್ಟು ಮುಗುದ್ಮೇಲೆ ಅವರ್ಗೆ ನೀವ್ಯಾರು? ಹೇಳಿ."

ಕೂಗಲಿಲ್ಲ. ಅಳಲೂ ಇಲ್ಲ. ಉತ್ತರಕ್ಕೆ ಕಾದರು, ನಿಜವಾಗಿಯೂ ಕಾದರು. ಆಮೇಲೆ ಅವರೇ, ಬೆಚ್ಚಗಿರಿ, ಚಳಿ ಜಾಸ್ತಿ ಅಂತ ಹೇಳಿ ಇಟ್ಟುಬಿಟ್ರು. ಅಭ್ಯಾಸ ಇರಬೇಕು.

ಡಿಸೆಂಬರ್ 11, ಬುಧವಾರ

ಮುಗೀತು.

ಜಡ್ಜಮ್ಮ ತಮಿಳಲ್ಲಿ ಕೇಳಿದ್ರು, ಇಬ್ಬರ ಮನಸ್ಸಿನಿಂದಾನೇ ತಾನೆ, ಯಾರ ಬಲವಂತವೂ ಇಲ್ವಲ್ಲ. ಆಮಾ ಅಂದೆ, ಹೌದು ಅಂತ. ಭಾನೂನೂ ಆಮಾ ಅಂದಳು. ಮದುವೆಯಲ್ಲಿ ಇಬ್ಬರೂ ಒಟ್ಟಿಗೆ ಏನೂ ಹೇಳಿರಲಿಲ್ಲ. ಇದನ್ನ ಒಟ್ಟಿಗೆ ಹೇಳಿದ್ವಿ. ಸಹಿ. ನಮ್ಮ ಹಿಂದೆ ಇನ್ನೊಂದು ಜೋಡಿ ಕಾಯ್ತಾ ಇತ್ತು.

ಹೊರಗೆ ಬಂದಾಗ ಭಾನು ನೀಲಿ ಸೀರೆ ಸೆರಗು ಹೊದ್ದು ನಿಂತಿದ್ದಳು. ಸ್ವಲ್ಪ ದಪ್ಪ ಆಗಿದಾಳೆ. ಚೆನ್ನಾಗಿ ಕಾಣ್ತಾಳೆ. ಊಟ ಮಾಡ್ಕೊಂಡು ಬಸ್ ಹತ್ತು ಅಂದಳು. ಆಯ್ತು ಅಂದೆ. ಸ್ಕೂಲಿಗೆ ಅರ್ಧ ದಿನವೇ ರಜೆ ಹಾಕಿದ್ದು ಅಂತ ಆಟೋ ಹತ್ತಿದಳು. ತಿರುಗಿ ನೋಡಿದಳು. ನಾನು ಕೈ ಎತ್ತಿದೆ.

ಮಾವನೂ ಬಂದಿದ್ರು. ಅವಳ ಜೊತೆ ಬಂದಿದ್ದೋರು ಆಟೋ ಹತ್ತಲಿಲ್ಲ, ಊರಿನ ಬಸ್ಸಿಗೆ ಅಂತ ಹಿಂದೆ ಉಳಿದ್ರು. ಹುಣಿಸೆ ಮರದ ಕೆಳಗೆ ನನಗೆ ಬೆನ್ನು ಮಾಡಿ ನಿಂತಿದ್ರು. ಕಾಲು ಅಗಲ ಮಾಡಿ. ಬಿಳೀ ಷರಟಿಗೆ ಇಸ್ತ್ರಿ ಮಾಡಿಸಿದ್ರು, ಮದುವೆಗೆ ಬಂದ ಹಾಗೆ.

ಕರೀಬೇಕು ಅನ್ನಿಸ್ತು. ಮಾವ ಅನ್ನೋದು ಗಂಟಲವರೆಗೆ ಬಂತು. ಆಗಷ್ಟೇ ಒಳಗೆ ಸಹಿ ಹಾಕಿ ಬಂದಿದ್ದೆ. ಹಾಗೆ ಕರೀಬಹುದೋ ಇಲ್ವೋ. ವೆಂಕಟಸ್ವಾಮಿಯವರೇ ಅಂತ ಕರೆದ್ರೆ ಅದು ಇನ್ನೂ ಕೆಟ್ಟದು. ಯೋಚನೆ ಮಾಡ್ತಿರುವಾಗಲೇ ಅವರು ಗೇಟ್ ದಾಟಿ ಹೋದ್ರು.

ಊಟ ಮಾಡಲಿಲ್ಲ. ಬಸ್ಸಲ್ಲಿ ಹಿಂದಿನ ಸೀಟು.

ಡಿಸೆಂಬರ್ 15, ಭಾನುವಾರ

ಏನೂ ಮಾಡಲಿಲ್ಲ.

ಡಿಸೆಂಬರ್ 29, ಭಾನುವಾರ

ಹೊಸ ಗಿಟಾರ್ ಶುರು ಮಾಡಿ ಬಿಟ್ಟೆ. ಗುರುತು ಹಾಕಿದ ಗೆರೆ ಪಕ್ಕ ಗರಗಸ ಓಡುತ್ತೆ. ಚಳಿಗೆ ಅಂಟು ಗಟ್ಟಿ. ಮೈಯೂ ಗಟ್ಟಿ.

ಹಲಸಿನ ಬೇಸ್ ಮಾತ್ರ ವಾರಕ್ಕೊಮ್ಮೆ ತೆಗೀತೀನಿ. ಬಾರಿಸದೆ ಇಟ್ರೆ ಹಾಳಾಗುತ್ತೆ ಅಂತ ನೆಪ. ಚಳಿಗೆ ನೆಕ್ಕು ಸ್ವಲ್ಪ ಅಲುಗಿದೆ, ಸರಿಮಾಡಿದೆ. ಮೀಟಿದೆ. ಪೂರ್ತಿ ಇಳಿಯೋವರೆಗೆ ಕೇಳಿದೆ.

ಇದು ನನ್ನದಲ್ಲ. ಇಲ್ಲಿ ಇರಬಾರದು.

ಜನವರಿ 19, ಭಾನುವಾರ

ಹೋಗಿ ಕೊಟ್ಟು ಬಂದೆ.

ಹಳೇ ಬೆಡ್‌ಶೀಟಲ್ಲಿ ಬೇಸ್ ಸುತ್ತಿ, ಚಿಕ್ಕ ಸ್ಪೀಕರ್ ಡಬ್ಬ ಚೀಲದಲ್ಲಿ ಹಾಕಿ, ಟೌನ್ ಬಸ್. ನಿಂತೇ ಹೋದೆ. ಸೀಟ್ ಇತ್ತು.

ಅತ್ತೆ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ರು. ನನ್ನ ನೋಡಿದ ಮೇಲೂ ಎರಡು ಮೂರು ಕಾಯಿ ಸುಲಿದು ಆಮೇಲೆ ಕೈ ಒರೆಸಿಕೊಂಡ್ರು. ಮಾವ ಇಲ್ಲ. ರಾಗಿ ಕಣಕ್ಕೆ ಹೋಗಿದಾರಂತೆ.

"ಇದು ಅವರ್ದು," ಅಂದೆ. "ನಿಮ್ಮ ಕೊಟ್ಟಿಗೆ ತೊಲೆ. ಕೊಟ್ಟು ಹೋಗೋಣ ಅಂತ ಬಂದೆ. ಕೂರಲ್ಲ."

ಬೆಡ್‌ಶೀಟ್ ಸರಿಸಿ ತೋರಿಸಿದೆ. ಅವರು ಹತ್ರ ಬಂದು ಬಾಡಿ ಮೇಲೆ ಅಂಗೈ ಇಟ್ರು. ಹಿಂದೆ ಮುಂದೆ ಸವರಿದ್ರು. ಅರಿಶಿನ ಬಣ್ಣ ಪಾಲಿಶ್‌ಗೆ ಇನ್ನೂ ಎದ್ದು ಕಾಣುತ್ತೆ.

"ಆ ತೊಲೆನಾ ಇದು? ನಮ್ಮ ಮಾವ ಹಾಕ್ಸಿದ್ದ ಕೊಟ್ಗೆ ಅದು. ಮಣೆ ಮಾಡ್ಸ್ತೀನಿ ಅಂದಿದ್ರು." ನಗು ಬಂದಿತ್ತೋ ಏನೋ, ಬರದ ಹಾಗೆ ನೋಡಿಕೊಂಡ್ರು.

ಸ್ಪೀಕರ್ ಡಬ್ಬಕ್ಕೆ ವೈರ್ ಎಲ್ಲಿ ಸಿಕ್ಕಿಸಬೇಕು ಅಂತ ತೋರಿಸಿದೆ. ಗಮನ ಇಟ್ಟು ನೋಡಿದ್ರು. ಒಳಗೆ ಬನ್ನಿ ಅನ್ನಲಿಲ್ಲ. ಒಂದು ಚೊಂಬು ನೀರು ತಂದುಕೊಟ್ರು. ಬಿಸಿಲಲ್ಲಿ ಬಂದೋರಿಗೆ ಯಾರಿಗಾದ್ರೂ ಕೊಡೋ ನೀರು. ಕುಡಿದೆ. ಹೇಳ್ತೀನಿ ಅವರಿಗೆ ಅಂದ್ರು.

ಬಿಸಿಲಲ್ಲಿ ಇಡಬೇಡಿ, ಮರ ಸೀಳುತ್ತೆ ಅಂತ ಹೇಳೋದು ಮರೆತಿದ್ದೆ. ಬೀದಿ ತಿರುವಿನವರೆಗೆ ಬಂದವನು ಹೇಳೋಣ ಅಂತ ತಿರುಗಿ ನೋಡಿದೆ. ಅತ್ತೆ ಅದನ್ನ ಎರಡು ಕೈಯಲ್ಲಿ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಒಳಗೆ ಹೋಗ್ತಿದ್ರು.

ಮನೆಗೆ ಬಂದು ಶೆಡ್ಡಿಗೆ ಹೋಗಲಿಲ್ಲ.

ಜನವರಿ 26, ಭಾನುವಾರ

ಫೋನ್ ಬರಲಿಲ್ಲ. ಬರುತ್ತೆ ಅಂದ್ಕೊಂಡಿದ್ದು ನನ್ನ ತಪ್ಪು. ತಲುಪಿದ್ದರೆ ಸಾಕು.

ಗೋಡೆ ಮೇಲಿಂದ ಒಂದು ಗಿಟಾರ್ ಇಳಿಸಿ ಬೀರೇಶ್ ಅಂಗಡಿಗೆ ಕೊಟ್ಟೆ. ಅಂಗಡೀಲಿ ಇರ್ಲಿ, ಯಾರಾದ್ರೂ ಬಾರಿಸ್ತಾರೆ ಅಂದೆ. ನಿಮ್ಮ ಮಾವ ಹೇಗಿದಾರೆ ಸಾರ್ ಅಂದ. ಚೆನ್ನಾಗಿದಾರೆ ಅಂದೆ. ಗೊತ್ತಿಲ್ಲದೆ ಹೇಳಿದೆ.

ಫೆಬ್ರವರಿ 2, ಭಾನುವಾರ, ಮಧ್ಯಾಹ್ನ

ಈಗಷ್ಟೇ ಫೋನ್ ಇಟ್ಟೆ. ಬರೀತೀನಿ.

ಮಾವನ ನಂಬರು. ಹಲೋ ಅಂದೆ. ಮಾತಿಲ್ಲ. ಫೋನನ್ನ ಎಲ್ಲೋ ಇಟ್ಟ ಸದ್ದು. ಆಮೇಲೆ ಟಕ್… ಟಕ್… ಟಕ್. ಫೋನಿನ ಸಣ್ಣ ಸ್ಪೀಕರಲ್ಲಿ ಬೇಸ್ ಬರಲ್ಲ. ಸ್ವರ ಇಲ್ಲ, ಬೆರಳು ತಂತಿಗೆ ತಾಗೋದು, ಮಧ್ಯೆ ಒಂದು ಗರಗರ, ಅಷ್ಟೆ. ಆದ್ರೂ ಗೊತ್ತಾಯ್ತು. ಮೊದಲನೇದು, ಎರಡನೇದು, ಮೂರನೇದು, ಆಮೇಲೆ ಸ್ವಲ್ಪ ತ್ರಾಸು, ನಾಲ್ಕನೇದು. ನಿಲ್ಲಿಸದೆ ಎಷ್ಟೋ ಹೊತ್ತು. ಎಲ್ಲೂ ತಾಳ ತಪ್ಪಲಿಲ್ಲ. ನಾನು ಫೋನ್ ಕಿವಿಗೆ ಒತ್ತಿಕೊಂಡು ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಮಾವ ಫೋನ್ ಎತ್ತಿಕೊಂಡ್ರು. ಮೊದಲು ಉಸಿರು.

"ಕೇಳ್ಸ್ತೇನ್ಲಾ?"

ಏಕವಚನ. ಇಷ್ಟು ವರ್ಷ ಅಳಿಯಂದ್ರೆ, ಬನ್ನಿ, ಕೂತ್ಕಳಿ. ಕೋರ್ಟು ಅಳಿಯಂದ್ರನ್ನ ತೆಗೆದುಹಾಕಿತು. ಉಳಿದವನನ್ನ ಅವರು ಹೀಗೆ ಕರೆದ್ರು.

"ಕೇಳಿಸ್ತು ಮಾವ," ಅಂದೆ. ಯೋಚನೆ ಮಾಡೋಕೆ ಮುಂಚೆ ಬಂದುಬಿಡ್ತು. ಅವರು ಬೇಡ ಅನ್ನಲಿಲ್ಲ.

ಚೆನ್ನಾಗಿತ್ತು ಅಂದೆ. ಮೇಲಿನ ತಂತಿ ಗರಗರ ಅಂತಿದೆ, ಇಳಿದಿದೆ, ಬಿಗಿ ಮಾಡಬೇಕು ಅಂದೆ. ಯಾವ ಕಡೆ ತಿರುಗಿಸ್ಬೇಕು ಹೇಳು ಅಂದ್ರು. ಫೋನಲ್ಲಿ ಹೇಳಿದ್ರೆ ಆಗಲ್ಲ, ಒಂಚೂರು ಜಾಸ್ತಿ ತಿರುಗಿಸಿದ್ರೆ ತಂತಿ ಹೋಗುತ್ತೆ, ಕಣ್ಣಾರೆ ನೋಡಬೇಕು ಅಂದೆ. ಆ ಕಡೆ ಹಿಂದೆ ಪಾತ್ರೆ ಸದ್ದು ನಿಂತಿತು.

ಅತ್ತೆ ದನಿ. ದೂರದಿಂದ, ಅಡುಗೆಮನೆಯಿಂದಲೇ ಇರಬೇಕು.

"ಬರೋದಾದ್ರೆ ಊಟದೊತ್ತು ಬಿಟ್ಟು ಬರಕ್ ಹೇಳಿ."

ಊಟದ ಹೊತ್ತು ಬಿಟ್ಟು. ಅಳಿಯನಾಗಿ ಅಲ್ಲ, ಎಲೆ ಹಾಕಲ್ಲ. ಸರಿ. ಅಷ್ಟು ಸಾಕು ನನಗೆ. ಅಷ್ಟು ಬೇಕಾದಷ್ಟು.

ಎರಡೂವರೆಗೆ ಒಂದು ಬಸ್ಸಿದೆ. ಇವತ್ತೇನಾ ಅಂತ ಕೇಳಲಿಲ್ಲ ನಾನು, ಅವರೂ ಹೇಳಲಿಲ್ಲ. ಒಂದು ಜೊತೆ ಹೊಸ ತಂತಿ ಇಟ್ಕೋಬೇಕು. ನೆಕ್ಕು ಸರಿಮಾಡೋಕೆ ಅಲೆನ್ ಕೀ. ಷರಟು ಯಾವುದು — ಇಸ್ತ್ರಿ ಮಾಡಿದ್ದು ಒಂದೂ ಇಲ್ಲ, ಇರೋದನ್ನೇ ಹಾಕ್ಕೊಂಡು ಹೊರಟೆ.